ಹಳೇ ಕಾರಿನ ಸಸ್ಪೆನ್ಷನ್: ಏನು ಬದಲಿಸಿದೆ, ಏನು ಬಿಟ್ಟೆ

ಕಾರು ಹಳೆಯದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದರಲ್ಲೇ ಸೇರಿದ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡತೊಲೆ). ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರುವ ಜೋಡಣೆಯೇ. ಕೆಳಗಿರುವ ಭಾಗಗಳೆಲ್ಲ ಕಾರಿನಷ್ಟೇ ಹಳೆಯವು. ಇಡೀ ಸೆಟ್ ತರಿಸಿ ಒಂದೇ ಸಲಕ್ಕೆ ಹಾಕಿಸಿಬಿಡು ಅಂತ ಹೇಳಿದವರೂ ಇದ್ದಾರೆ. ನನಗೆ ಅದು ಒಪ್ಪಲಿಲ್ಲ. ಹಾಗಂತ ಕಿಲೋಮೀಟರ್ ಲೆಕ್ಕ ನೋಡಿ ಬದಲಿಸುವುದರಲ್ಲೂ ನಂಬಿಕೆ ಇಲ್ಲ. ಹೆದ್ದಾರಿಯಲ್ಲೇ ಓಡಿದ ಕಾರಿನ ಬುಷ್ (ಲೋಹದ ಭಾಗಗಳು ಸೇರುವಲ್ಲಿ ಕೂರುವ ರಬ್ಬರ್ ತುಂಡು) ಬೇರೆ, ದಿನಾ ಗುಂಡಿ ಹಾರಿದ ಕಾರಿನ ಬುಷ್ ಬೇರೆ. ಮೇಲಾಗಿ ರಬ್ಬರ್‌ಗೆ ವಯಸ್ಸಾಗಲು ಕಾರು ಓಡಲೇಬೇಕು ಅಂತೇನಿಲ್ಲ, ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಹಾಗಾಗಿ ಒಂದೊಂದು ಭಾಗದ ಮುಂದೆ ಕೂತು ಎರಡೇ ಪ್ರಶ್ನೆ ಕೇಳಿಕೊಂಡೆ. ಇದು ಕೈಕೊಟ್ಟರೆ ಏನಾಗುತ್ತದೆ? ಇದನ್ನು ತೆಗೆಯಲು ಇನ್ನೇನೇನು ಬಿಚ್ಚಬೇಕು? ನಿರ್ಧಾರಗಳು ಹೆಚ್ಚುಕಮ್ಮಿ ಇವೆರಡರಿಂದಲೇ ಬಂದವು.

ಲಿಂಕ್ ರಾಡ್: ಬದಲಿಸಿದೆ

ಶುರುವಾಗಿದ್ದು ಸದ್ದಿನಿಂದ. ನಿಧಾನವಾಗಿ ಹೋಗುವಾಗ, ಕಿತ್ತುಹೋದ ರಸ್ತೆಯ ಸಣ್ಣ ಏರುತಗ್ಗುಗಳಲ್ಲಿ ಮುಂದಿನ ಎಡಗಡೆಯಿಂದ ಕಟಕಟ. ವಿಚಿತ್ರ ಅಂದರೆ ದೊಡ್ಡ ಹಂಪ್ ಹತ್ತಿಳಿದರೆ ಸದ್ದೇ ಇಲ್ಲ. ಈ ವ್ಯತ್ಯಾಸವೇ ದಾರಿ ತೋರಿಸಿತು. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಏರುತ್ತವೆ. ಆಗ ಸ್ಟೆಬಿಲೈಸರ್ ಬಾರ್‌ಗೆ (ಕಾರು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಸರಳು) ತಿರುಚಿಕೊಳ್ಳುವ ಕೆಲಸವೇ ಇಲ್ಲ, ಸುಮ್ನೆ ತನ್ನ ಬುಷ್‌ಗಳಲ್ಲಿ ಹೊರಳುತ್ತದೆ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಮಾತ್ರ ಬಾರ್ ತಿರುಚುತ್ತದೆ, ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್ ಮೇಲೆ ಎಳೆತ ಬೀಳುತ್ತದೆ. ರಾಡ್‌ನ ಜಾಯಿಂಟ್ ಸವೆದಿದ್ದರೆ ಅಲ್ಲಿ ಬಡಿಯುತ್ತದೆ.

ಇದನ್ನು ಪರೀಕ್ಷಿಸುವಾಗ ಒಂದು ವಿಷಯ ಗಮನದಲ್ಲಿರಲಿ. ಒಂದೇ ಕಡೆ ಜ್ಯಾಕ್ ಕೊಟ್ಟು ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗುತ್ತದೆ, ಪ್ಲೇ (ಜಾಯಿಂಟ್‌ನ ಸಡಿಲ) ಅಡಗಿಬಿಡುತ್ತದೆ. ಎರಡೂ ಮುಂದಿನ ಚಕ್ರ ನೆಲದ ಮೇಲಿರಬೇಕು, ಇಲ್ಲವೇ ಎರಡೂ ಗಾಳಿಯಲ್ಲಿರಬೇಕು. ಎರಡನ್ನೂ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ ರಾಡ್ ಹಿಡಿದು ಅಲ್ಲಾಡಿಸಿದೆ. ಮೇಲಿನ ಜಾಯಿಂಟ್ ಬೆರಳಿಗೆ ಗೊತ್ತಾಗುವಷ್ಟು ಸಡಿಲ.

ಲಿಂಕ್ ರಾಡ್ ಹೋದರೆ ದೊಡ್ಡ ಅಪಾಯವಿಲ್ಲ. ಸದ್ದು ಬರುತ್ತದೆ, ತಿರುವಿನಲ್ಲಿ ಕಾರು ಸ್ವಲ್ಪ ಜಾಸ್ತಿ ವಾಲುತ್ತದೆ. ಆದರೆ ಬಿಚ್ಚುವುದು ಎರಡೇ ನಟ್ಟು. ಅಲ್ಲದೆ ಇದರ ಗಲಾಟೆ ಇರುವ ತನಕ ಬೇರೆ ಸದ್ದು ಕಿವಿಗೆ ಬೀಳುವುದಿಲ್ಲ. ಎರಡೂ ಕಡೆ ಬದಲಿಸಿದೆ. ತುಕ್ಕು ಹಿಡಿದ ನಟ್ಟಿನ ಜೊತೆ ಸ್ಟಡ್ ಕೂಡ ಸುತ್ತುತ್ತಿರುತ್ತದೆ. ಅದರ ತುದಿಗೆ ಆ್ಯಲೆನ್ ಕೀ ಕೊಟ್ಟು ಹಿಡಿದುಕೊಳ್ಳಬೇಕು.

ಲೋವರ್ ಆರ್ಮ್: ಬದಲಿಸಿದೆ

ಕಟಕಟ ನಿಂತ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಸದ್ದು ಕೇಳಿಸಿತು. ಬ್ರೇಕ್ ಒತ್ತಿದಾಗ ಒಂದು ಮಂದವಾದ ಧಡ್, ಜೊತೆಗೆ ಸ್ಟೀರಿಂಗ್ ಒಂದು ಪಕ್ಕಕ್ಕೆ ಚೂರು ಎಳೆದಂತೆ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯಲು ನೋಡುತ್ತದೆ. ಅದನ್ನು ಬಹುಪಾಲು ತಡೆಯುವುದು ಲೋವರ್ ಆರ್ಮ್‌ನ (ಚಕ್ರದ ಕೆಳಭಾಗವನ್ನು ಕಾರಿಗೆ ಹಿಡಿದಿಡುವ ತೋಳು) ಹಿಂದಿನ ದೊಡ್ಡ ಬುಷ್.

ಕೆಳಗೆ ಮಲಗಿ ನೋಡಿದರೆ ಬುಷ್ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳು. ಬಿರುಕು ಕಂಡ ಮಾತ್ರಕ್ಕೆ ತೀರ್ಪು ಕೊಡುವಂತಿಲ್ಲ, ಹಳೇ ರಬ್ಬರ್‌ನಲ್ಲಿ ಅದು ಇದ್ದೇ ಇರುತ್ತದೆ. ಸನ್ನೆಗೋಲು ಹಾಕಿ ಆರ್ಮ್ ಅನ್ನು ಮೆಲ್ಲಗೆ ಮೀಟಿದೆ. ರಬ್ಬರ್ ಸ್ವಲ್ಪ ಬಾಗುವುದು ಸಹಜ, ಅದು ಇರುವುದೇ ಬಾಗಲಿಕ್ಕೆ. ಬಲಗಡೆ ಅಷ್ಟೇ ಆಯಿತು. ಎಡಗಡೆ ಮೀಟಿದಾಗ ಬಿರುಕು ಬಾಯಿ ತೆರೆಯಿತು. ಒಳಗೆ ರಬ್ಬರ್ ಲೋಹದ ಕೊಳವೆಯಿಂದ ಪೂರ್ತಿ ಬಿಟ್ಟುಕೊಂಡಿತ್ತು. ಬಿಟ್ಟ ಜಾಗ ಉಜ್ಜಿ ಉಜ್ಜಿ ನುಣ್ಣಗಾಗಿ ಹೊಳೆಯುತ್ತಿತ್ತು. ಸನ್ನೆ ಸಡಿಲಿಸಿದರೆ ಟಕ್ ಅಂತ ವಾಪಸ್. ಇನ್ನು ಯೋಚಿಸುವುದೇನಿದೆ?

ಅದೇ ಹೊತ್ತಿಗೆ ಆರ್ಮ್ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ನೋಡಿದೆ. ಇಡೀ ಸಸ್ಪೆನ್ಷನ್‌ನಲ್ಲಿ ನಾನು ನಿಜಕ್ಕೂ ಹೆದರುವುದು ಇದೊಂದಕ್ಕೆ. ಕಳಚಿಕೊಂಡರೆ ಚಕ್ರವೇ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ಕೈಯಲ್ಲಿರುವುದಿಲ್ಲ. ಚಕ್ರ ಗಾಳಿಯಲ್ಲಿ ತೂಗುವಂತೆ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಬೇಕು. ಅಲ್ಲಾಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಪ್ಲೇ ಮಾಯವಾದರೆ ಅನುಮಾನ ವ್ಹೀಲ್ ಬೇರಿಂಗ್ ಮೇಲೆ. ಹಾಗೇ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಬೇಕು. ನನ್ನ ಕಾರಿನಲ್ಲಿ ಪ್ಲೇ ಇರಲಿಲ್ಲ. ಆದರೆ ಬಲಗಡೆಯ ಜಾಯಿಂಟ್‌ನ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಬಂದಿತ್ತು, ಅದಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಗ್ರೀಸ್ ಹೊರಗೆ ಬರುವ ದಾರಿಯಲ್ಲೇ ನೀರು, ಮರಳು ಒಳಗೆ ಹೋಗುತ್ತವೆ. ಬೂಟ್ ಹರಿದ ಬಾಲ್ ಜಾಯಿಂಟ್ ವಿಷಯದಲ್ಲಿ ಪ್ಲೇ ಬರಲಿ ಅಂತ ನಾನು ಕಾಯುವುದಿಲ್ಲ.

ಒಂದು ಕಡೆ ಬುಷ್ ಹೋಗಿದೆ, ಇನ್ನೊಂದು ಕಡೆ ಬೂಟ್. ಈ ಕಾರಿನಲ್ಲಿ ಬಾಲ್ ಜಾಯಿಂಟ್ ಅನ್ನು ಆರ್ಮ್‌ಗೆ ರಿವೆಟ್ ಹೊಡೆದು ಕೂರಿಸಿದ್ದಾರೆ. ಹಳೇ ಬುಷ್ ಪ್ರೆಸ್ ಮಾಡಿ ತೆಗೆದು, ರಿವೆಟ್ ಕೊರೆದು ಒದ್ದಾಡುವ ಬದಲು ಪೂರ್ತಿ ಆರ್ಮ್ ಜೋಡಿಯನ್ನೇ ತರಿಸಿದೆ.

ಹಾಕುವಾಗ ಬಹಳ ಜನ ಬಿಟ್ಟುಬಿಡುವ ಒಂದು ಹಂತವಿದೆ. ಕಾರು ಎತ್ತಿರುವಾಗ ಆರ್ಮ್ ಕೆಳಗೆ ಜೋತಾಡುತ್ತಿರುತ್ತದೆ. ಬುಷ್ ಬೋಲ್ಟ್‌ಗಳನ್ನು ಆಗಲೇ ಪೂರ್ತಿ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಾರು ಕೆಳಗಿಳಿದ ಕೂಡಲೇ ಆರ್ಮ್ ಮೇಲೇರುತ್ತದೆ, ರಬ್ಬರ್ ತಿರುಚುತ್ತದೆ, ಮತ್ತೆ ಸಡಿಲವಾಗುವುದೇ ಇಲ್ಲ. ಹೊಸ ಬುಷ್ ಬೇಗ ಹರಿಯುತ್ತದೆ. ಆಮೇಲೆ ಪಾರ್ಟ್ ಕಳಪೆ ಅಂತ ಬೈಗುಳ! ಬೋಲ್ಟ್‌ಗಳನ್ನು ಮೊದಲು ಕೈಬಿಗಿ ಮಾಡಿಕೊಂಡು, ಚಕ್ರಗಳ ಮೇಲೆ ಕಾರಿನ ಭಾರ ಕೂತ ಮೇಲೆ ಟಾರ್ಕ್ ರೆಂಚ್‌ನಿಂದ ಕೊನೆಯ ಬಿಗಿ ಕೊಡಬೇಕು. ರ್‍ಯಾಂಪ್ ಇದ್ದರೆ ಕೆಲಸ ಸಲೀಸು. ಜಾಯಿಂಟ್‌ಗಳ ಲಾಕ್ ನಟ್‌ಗಳು ಹೊಸವೇ ಇರಲಿ.

ಮುಂದಿನ ಸ್ಟ್ರಟ್: ಬದಲಿಸಿದೆ

ಇಲ್ಲಿ ಸ್ವಲ್ಪ ತಡೆದೆ. ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಹಳೇ ಪರೀಕ್ಷೆ ಇದೆಯಲ್ಲ, ಅದರಲ್ಲಿ ಕಾರು ಪಾಸಾಯಿತು. ಆದರೆ ಆ ಪರೀಕ್ಷೆಯಲ್ಲಿ ಫೇಲಾಗಬೇಕಾದರೆ ಶಾಕ್ ಪೂರ್ತಿ ಸತ್ತಿರಬೇಕು. ಅರ್ಧ ಸವೆದದ್ದು ಅಲ್ಲಿ ಗೊತ್ತಾಗುವುದಿಲ್ಲ.

ಬಲಗಡೆ ಸ್ಟ್ರಟ್ ಮೈ ಎಣ್ಣೆಯಾಗಿತ್ತು. ಸೀಲ್ ಹತ್ತಿರ ತೆಳುವಾದ ಎಣ್ಣೆ ಪಸೆ, ಅದರ ಮೇಲೆ ಒಣಧೂಳು ಇದ್ದರೆ ಚಿಂತೆಯಿಲ್ಲ. ರಾಡ್ ಪ್ರತಿ ಸಲ ಒಳಹೊರಗೆ ಓಡಾಡುವಾಗ ಸೀಲ್ ದಾಟಿ ಅಷ್ಟು ಎಣ್ಣೆ ಬಂದೇ ಬರುತ್ತದೆ. ಇದು ಹಾಗಲ್ಲ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಕೆಲವು ದಿನ ಓಡಿಸಿ ನೋಡಿದರೆ ಮತ್ತೆ ಸ್ಪ್ರಿಂಗ್ ತಟ್ಟೆಯ ಕೆಳಗಿನ ತನಕ ಒದ್ದೆ. ಟೈರ್ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ತಗ್ಗುದಿಣ್ಣೆ ತಗುಲಿತು. ಚಕ್ರ ರಸ್ತೆಗೆ ಅಂಟಿಕೊಳ್ಳದೆ ಕುಪ್ಪಳಿಸುತ್ತಿದೆ ಅಂತ ಅರ್ಥ. ಇವೆರಡೂ ಸೇರಿದ ಮೇಲೆ ತಡೆಯುವುದಕ್ಕೆ ಕಾರಣ ಉಳಿಯಲಿಲ್ಲ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಬೇಡ ಅಂತ ಎಡಗಡೆಯದನ್ನೂ ಬದಲಿಸಿದೆ.

ಸ್ಟ್ರಟ್ ಹೊರಗೆ ಬಂದ ಮೇಲೆ ಮೇಲಿನ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಕವರ್ ಎಲ್ಲವೂ ಹೊಸದು. ಅವು ಕೆಟ್ಟಿರಲಿಲ್ಲ, ನಿಜ. ಆದರೆ ನಾಳೆ ಮೌಂಟ್ ಒಂದು ಕಿರ್ ಅಂದರೆ ಇಡೀ ಕೆಲಸ ಮತ್ತೆ ಮೊದಲಿಂದ. ಸ್ಪ್ರಿಂಗ್ ಮಾತ್ರ ಹಳೆಯದೇ ಇಟ್ಟುಕೊಂಡೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ಅಳೆದಾಗ ಎಡಬಲ ಒಂದೇ ಬಂತು, ಸರ್ವಿಸ್ ಮ್ಯಾನ್ಯುವಲ್‌ನ ಲೆಕ್ಕಕ್ಕೂ ಹೊಂದಿತು. ಕೆಳಗಿನ ಸುತ್ತಿನಲ್ಲಿ ಬಿರುಕಾಗಲಿ ಆಳದ ತುಕ್ಕಾಗಲಿ ಇಲ್ಲ.

ಸ್ಪ್ರಿಂಗ್ ಕಂಪ್ರೆಸ್ ಮಾಡುವ ಕೆಲಸವನ್ನು ಮಾತ್ರ ನಾನು ಮನೆಯಲ್ಲಿ ಮಾಡಲಿಲ್ಲ. ಬಿಚ್ಚಿದ ಸ್ಟ್ರಟ್‌ಗಳನ್ನು ಗ್ಯಾರೇಜಿಗೆ ಒಯ್ದು ಗಟ್ಟಿಯಾದ ಪ್ರೆಸ್‌ನಲ್ಲಿ ಮಾಡಿಸಿದೆ. ಒತ್ತಿಟ್ಟ ಸ್ಪ್ರಿಂಗ್ ಜಾರಿ ಹಾರಿದರೆ ಮುಖ ಮೂತಿ ನೋಡುವುದಿಲ್ಲ.

ಹಿಂದಿನ ಕಡೆ: ಬಿಟ್ಟೆ

ಶಾಕ್‌ಗಳು ಒಣಗಿವೆ (ಎಣ್ಣೆ ಸೋರಿಲ್ಲ), ಹಿಂದಿನ ಟೈರ್ ಸವೆತ ಸಮನಾಗಿದೆ. ಬೀಮ್ ಬುಷ್‌ಗಳಲ್ಲಿ ಬಿರುಕು ಇದೆ, ಆದರೆ ಮೀಟಿದರೆ ಬಾಯಿ ತೆರೆಯುತ್ತಿಲ್ಲ. ಇದಕ್ಕಾಗಿ ಇಡೀ ಬೀಮ್ ಇಳಿಸುವುದು ಈಗ ಬೇಡ. ಬುಷ್‌ನ ಹೊರ ರಿಂಗಿನಿಂದ ಒಳಕೊಳವೆ ತನಕ ಒಂದು ಪೇಂಟ್ ಗೆರೆ ಎಳೆದು ಫೋಟೋ ತೆಗೆದಿಟ್ಟಿದ್ದೇನೆ. ಗೆರೆ ಮುರಿದರೆ ಬುಷ್ ಸರಿದಿದೆ ಅಂತ.

ಕೊನೆಗೆ ಅಲೈನ್‌ಮೆಂಟ್

ಟೈ ರಾಡ್ ಎಂಡ್‌ಗಳ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಬರುವ ರಾಡ್‌ಗಳ ತುದಿಯ ಜಾಯಿಂಟ್‌ಗಳು) ವಿಷಯವನ್ನು ಅಲೈನ್‌ಮೆಂಟ್‌ಗೆ (ಚಕ್ರಗಳ ಕೋನ ಸರಿಪಡಿಸುವುದು) ಮೊದಲೇ ತೀರ್ಮಾನಿಸಬೇಕಿತ್ತು. ಆಮೇಲೆ ಬದಲಿಸಿದರೆ ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೆಡುತ್ತದೆ, ಮತ್ತೆ ಮಾಡಿಸಬೇಕು. 9 ಮತ್ತು 3ರಲ್ಲಿ ಹಿಡಿದು ಅಲ್ಲಾಡಿಸಿದಾಗ ಪ್ಲೇ ಇಲ್ಲ, ಆದರೆ ಒಂದರ ಬೂಟ್ ಮಡಿಕೆಯಲ್ಲಿ ಸೀಳು ಶುರುವಾಗಿತ್ತು. ಎರಡನ್ನೂ ಬದಲಿಸಿ ಆಮೇಲೆ ಅಲೈನ್‌ಮೆಂಟ್ ಮಾಡಿಸಿದೆ.

ಈಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಅಲುಗುವುದಿಲ್ಲ. ತಗ್ಗು ದಾಟಿದ ಮೇಲೆ ಮೂತಿ ಒಂದೇ ಸಲಕ್ಕೆ ನಿಲ್ಲುತ್ತದೆ. ಮೆತ್ತಗಾಗಿದೆಯಾ ಅಂದರೆ ಇಲ್ಲ, ಹೊಸ ರಬ್ಬರ್ ಸ್ವಲ್ಪ ಬಿಗಿಯೇ. ವೇಗದಲ್ಲಿ ಬರುವ ಗುಂಯ್ ಸದ್ದು ಹಾಗೇ ಇದೆ. ಅದು ತಗ್ಗುದಿಣ್ಣೆಯಾದ ಟೈರ್‌ಗಳದ್ದು, ಹೊಸ ಸ್ಟ್ರಟ್ ಹಾಕಿದರೆ ಅವು ಸಮ ಆಗುವುದಿಲ್ಲ ಅಲ್ವಾ? ಮುಂದಿನ ಎರಡು ಟೈರ್ ಮುಂದಿನ ಸರದಿ. ಬೀಮ್ ಬುಷ್‌ನ ಗೆರೆಯನ್ನು ಮುಂದಿನ ಆಯಿಲ್ ಬದಲಾವಣೆಯಲ್ಲಿ ಕಾರು ಎತ್ತಿದಾಗ ನೋಡುತ್ತೇನೆ.