ಸ್ಕ್ರೀನಿಂಗ್ ಲಾಗ್‌ನ ಕೊನೇ ಕಾಲಂ

"ಹೆಂಗಸರೆಲ್ಲ 'ಇಚ್ಛೆಯಿಲ್ಲ' ಅಂತಲೇ ಹೊರಗೆ ಹೋಗಿದ್ದಾರಲ್ಲ, ಸೋರ್ಸ್ ತೋರಿಸಿ." ನಮ್ಮ ಔಷಧ ಪ್ರಯೋಗದ (ಕ್ಲಿನಿಕಲ್ ಟ್ರಯಲ್) ದಾಖಲೆ ತಪಾಸಣೆಗೆ ಬಂದ ಸಿಆರ್‌ಎ ಕೇಳಿದ್ದು ಇಷ್ಟೇ. ಸೋರ್ಸ್ ಅಂದರೆ ಮೂಲ ದಾಖಲೆ. ಯಾರನ್ನು ಯಾಕೆ ಪ್ರಯೋಗಕ್ಕೆ ಸೇರಿಸಿಕೊಳ್ಳಲಿಲ್ಲ ಅನ್ನುವ ಆ ಕಾಲಂ ತುಂಬಿದ್ದು ನಾನು. 'ಅರ್ಹತೆ ಇಲ್ಲ' ಅಂತ ಒತ್ತಿದರೆ ಇಡಿಸಿ (ಡೇಟಾ ತುಂಬುವ ಸಾಫ್ಟ್‌ವೇರ್) ಕ್ರೈಟೀರಿಯಾ ನಂಬರ್, ಲ್ಯಾಬ್ ವ್ಯಾಲ್ಯೂ, ತಾರೀಖು ಎಲ್ಲ ಕೇಳುತ್ತೆ. 'ಇಚ್ಛೆಯಿಲ್ಲ' ಒಂದೇ ಕ್ಲಿಕ್ಕು. ಹತ್ತು ನಿಮಿಷ ಫೈಲ್ ತಿರುವಿದೆ. ಯಾರೂ ಬೇಡ ಅಂದ ಒಂದು ಸಾಲೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಲ್ಯಾಬ್ ರಿಪೋರ್ಟು.

ಹೆಚ್ಚಿನವರು ಬಿದ್ದಿದ್ದು ಹಿಮೋಗ್ಲೋಬಿನ್‌ನಲ್ಲಿ. ಪ್ರೋಟೋಕಾಲ್‌ನಲ್ಲಿ (ಪ್ರಯೋಗದ ನಿಯಮಾವಳಿ) ಎಲ್ಲರಿಗೂ ಕನಿಷ್ಠ 13. ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆ ಅನ್ನುವುದು ಗಂಡಸರಿಗೆ 13ರ ಕೆಳಗೆ, ಗರ್ಭಿಣಿಯಲ್ಲದ ಹೆಂಗಸರಿಗೆ 12ರ ಕೆಳಗೆ. ಹಾಗಾಗಿ 12.4 ಇರುವ ಗಟ್ಟಿಮುಟ್ಟು ಹೆಂಗಸೂ ಸ್ಕ್ರೀನ್ ಫೇಲ್, ಅಂದರೆ ಆಯ್ಕೆಯಲ್ಲೇ ಹೊರಗೆ. 12ಕ್ಕೆ ಇಳಿಸಿದರೂ ಪೂರ್ತಿ ಬಗೆಹರಿಯಲ್ಲ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎನ್‌ಎಫ್‌ಎಚ್‌ಎಸ್-5ರಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ರಕ್ತಹೀನರು. ಔಷಧಕ್ಕೆ ರಕ್ತಸ್ರಾವದ ಅಪಾಯ ಇಲ್ಲದಿದ್ದರೆ 10 ಸಾಲದೇ ಅಂತ ಇಸಿಗೆ (ನೈತಿಕ ಸಮಿತಿ) ಕಳಿಸುವ ಮೊದಲೇ ಪ್ರಯೋಗ ಮಾಡಿಸುವ ಸ್ಪಾನ್ಸರ್‌ನ ಕೇಳಬೇಕಿತ್ತು. ಆಮೇಲೆ ಅಮೆಂಡ್‌ಮೆಂಟ್ ಅಂದರೆ ತಿಂಗಳುಗಟ್ಟಲೆ ಕಾಯಬೇಕು.

ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಕಥೆ ಉಲ್ಟಾ. ಎಲ್ಲರಿಗೂ 1.5 ಮಿತಿ ಇಟ್ಟರೆ ಒಳಗೆ ಬರಬಾರದವರೇ ಬರುತ್ತಾರೆ. 65 ವರ್ಷ, 50 ಕೆಜಿ, ಕ್ರಿಯಾಟಿನಿನ್ 1.4 ಇರುವ ಹೆಂಗಸನ್ನು ತಗೊಳ್ಳಿ. ಕಿಡ್ನಿ ಎಷ್ಟು ರಕ್ತ ಸೋಸುತ್ತೆ ಅಂತ ಅಂದಾಜಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದ ಪ್ರಕಾರ (140−65)×50÷(72×1.4), ಅಂದರೆ 37, ಹೆಂಗಸರಿಗೆ 0.85ರಿಂದ ಗುಣಿಸಿದರೆ ನಿಮಿಷಕ್ಕೆ 32 ಎಂಎಲ್. ಅದೇ ವಯಸ್ಸು, ಅದೇ ಕ್ರಿಯಾಟಿನಿನ್, 70 ಕೆಜಿ ಗಂಡಸಿಗೆ 52. ಕಿಡ್ನಿಯಿಂದ ಹೊರಹೋಗುವ ಔಷಧ ಆಕೆಯ ಮೈಯಲ್ಲಿ ಉಳಿಯುತ್ತೆ, ಎಇ (ಪ್ರತಿಕೂಲ ಪರಿಣಾಮ) ಬರುತ್ತೆ, ಕೊನೆಗೆ "ಹೆಂಗಸರಿಗೆ ತಡ್ಕೊಳ್ಳಕ್ಕಾಗಲ್ಲ" ಅಂತ ಷರಾ.

ಡೋಸ್ ಎಲ್ಲರಿಗೂ ಒಂದೇ ಅಲ್ವಾ ಅಂತ ಮೀಟಿಂಗ್‌ನಲ್ಲಿ ಒಬ್ಬರು ಕೇಳಿದರು. ಅಮೆರಿಕದಲ್ಲಿ ಜೋಲ್ಪಿಡೆಮ್ ನಿದ್ರೆ ಮಾತ್ರೆ ಬಂದದ್ದು 1992ರಲ್ಲಿ, ಗಂಡಸರಿಗೂ ಹೆಂಗಸರಿಗೂ 10 ಮಿಲಿಗ್ರಾಂ. ಬೆಳಿಗ್ಗೆ ಕಾರು ಓಡಿಸುವ ಹೊತ್ತಿಗೂ ಹೆಂಗಸರ ರಕ್ತದಲ್ಲಿ ಔಷಧ ಹೆಚ್ಚು ಉಳಿಯುತ್ತೆ ಅಂತ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎ ಅವರ ಡೋಸನ್ನು 5ಕ್ಕೆ ಇಳಿಸಿದ್ದು 2013ರಲ್ಲಿ.

ಇನ್ನು ಯುಪಿಟಿ, ಅಂದರೆ ಮೂತ್ರದ ಗರ್ಭ ಪರೀಕ್ಷೆ. ಮುಟ್ಟು ನಿಂತು ಹತ್ತು ವರ್ಷ ಆದವರಿಗೂ ಮಾಡಿಸಿ, ಎರಡು ಬಗೆಯ ಗರ್ಭನಿರೋಧಕ ಬಳಸ್ತೀರಾ ಅಂತ ಮಗನ ಎದುರೇ ಕೇಳಿದರೆ ಯಾರು ಉಳೀತಾರೆ? ಬೇರೆ ಕಾರಣವಿಲ್ಲದೆ 12 ತಿಂಗಳು ಮುಟ್ಟಾಗದಿದ್ದರೆ ಮೆನೋಪಾಸ್ ಅಂತ ಪ್ರೋಟೋಕಾಲ್‌ನಲ್ಲೇ ಬರೆಸಬೇಕು, ಪ್ರಶ್ನೆ ಬೇರೆ ರೂಮಿನಲ್ಲಿ ಕೇಳಬೇಕು. ಐಸಿಎಫ್‌ಗೆ (ಒಪ್ಪಿಗೆ ಪತ್ರ) ಗಂಡನ ಸಹಿಯೂ ಬೇಕಿಲ್ಲ. ಓದಲು ಬಾರದಿದ್ದರೆ ಬೇಕಾದದ್ದು ನಿಷ್ಪಕ್ಷಪಾತ ಸಾಕ್ಷಿ.

ಈಗ 'ಇಚ್ಛೆಯಿಲ್ಲ' ಅಂತ ಹಾಕುವ ಮೊದಲು ಆಕೆ ಹೇಳಿದ ಮಾತನ್ನೇ ಸೋರ್ಸ್‌ನಲ್ಲಿ ಬರೆಯುತ್ತೇವೆ. ಡ್ರಾಪ್‌ಡೌನ್ ಸರಿಮಾಡಿ ಅಂದಿದ್ದಕ್ಕೆ ಡೇಟಾ ಟೀಮ್‌ನ ಉತ್ತರ: ಮುಂದಿನ ವರ್ಷನ್‌ನಲ್ಲಿ ನೋಡೋಣ.