ಅಚ್ಚಿನ ಮೇಲೆ ಇದ್ದಿಲು

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇತ್ತು. ಅದರ ಒಲೆ ಆರಿ ವರ್ಷಗಳೇ ಆದವು. ಇದ್ದಿಲಿನಲ್ಲಿ ಅದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕತ್ತಲೆ ಬರುತ್ತಿತ್ತು, ಕೊಪ್ಪರಿಗೆ ಬರುತ್ತಿತ್ತು. ರಚ್ಚು ಮಾತ್ರ ಬರುತ್ತಿರಲಿಲ್ಲ. ರಸ ಹಿಂಡಿದ ಮೇಲೆ ಉಳಿಯುವ ಆ ಕಬ್ಬಿನ ಸಿಪ್ಪೆಯ ಒರಟು ನಾರು ನನ್ನ ಗೆರೆಗೆ ಸಿಗುತ್ತಲೇ ಇರಲಿಲ್ಲ.

ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ಗೆಳತಿಗೆ ಹೇಳಿದೆ. "ಯಾಕೆ ಬರೀತೀಯ? ರಚ್ಚನ್ನೇ ಅಚ್ಚು ಹಾಕೋಣ, ತಗೊಂಡು ಬಾ" ಅಂದಳು.

ಊರಿನ ಇನ್ನೊಂದು ಆಲೆಮನೆಯಿಂದ ಒಂದು ಚೀಲ ತಂದೆ. ದಪ್ಪ ರಟ್ಟಿಗೆ ಫೆವಿಕಾಲ್ ಬಳಿದು ನಾರುಗಳನ್ನು ಅಂಟಿಸಿದೆವು. ಒಣಗಿದ ಮೇಲೆ ಎರಡು ಸಲ ವಾರ್ನಿಷ್ ಹಚ್ಚಿದೆವು. ಇಲ್ಲದಿದ್ದರೆ ರಟ್ಟೇ ಶಾಯಿಯನ್ನು ಕುಡಿದುಬಿಡುತ್ತದೆ. ಇದಕ್ಕೆ ಕೊಲಾಗ್ರಾಫ್ ಅನ್ನುತ್ತಾರೆ.

ಮುಂದಿನ ಭಾನುವಾರ ಕುವೆಂಪುನಗರದ ಅವಳ ಮನೆಯಲ್ಲಿ ಅಚ್ಚು. ರಟ್ಟಿಗೆಲ್ಲ ಕಪ್ಪು ಶಾಯಿ ತಿಕ್ಕಿ, ಹಳೆ ಪಂಚೆಯ ತುಂಡಿನಿಂದ ಮೇಲ್ಮೇಲೆ ಒರೆಸಿದೆವು. ನೆನೆಸಿಟ್ಟ ಕಾಗದ ಮೇಲೆ ಹಾಸಿದೆವು. ಅವಳ ಪ್ರೆಸ್ಸಿಗೆ ಎರಡು ಉರುಳೆ, ಪಕ್ಕಕ್ಕೊಂದು ಚಕ್ರ. ನೋಡಿದರೆ ನಮ್ಮ ಗಾಣದ ತಮ್ಮನ ಹಾಗಿತ್ತು. ಚಕ್ರ ತಿರುಗಿಸುವಾಗ ನನಗೆ ರಸದ ವಾಸನೆಯೇ ಬಂದಂತಾಯಿತು.

ಮೊದಲ ಪ್ರತಿ ಗಾಢವಾಗಿ ಬಂತು. ಒಂದೊಂದು ನಾರೂ ಎದ್ದು ಕಾಣುತ್ತಿತ್ತು. ತಡೆಯಲಾಗದೆ ಆಗಲೇ ಅದರ ಮೇಲೆ ಇದ್ದಿಲು ಹಿಡಿದೆ. ಹಸಿ ಶಾಯಿಗೆ ಪುಡಿ ಕಲೆತು ಕೆಸರಾಯಿತು. ನಾರೆಲ್ಲ ಮುಚ್ಚಿಹೋಯಿತು. ಅಳುವೇ ಬಂತು.

ಇದ್ದಿಲು ಕಾಗದಕ್ಕೆ ಅಂಟುವಂಥದ್ದಲ್ಲ, ಅದರ ತರಿಯಲ್ಲಿ ಸಿಕ್ಕಿಕೊಳ್ಳುವಂಥದ್ದು. ಶಾಯಿ ಆ ತರಿಯನ್ನು ತುಂಬಿಬಿಟ್ಟರೆ ಇದ್ದಿಲಿಗೆ ನಿಲ್ಲಲು ಜಾಗ ಎಲ್ಲಿ? ಗೆಳತಿ ಮತ್ತೆ ಶಾಯಿ ಹಚ್ಚದೆ ಅದೇ ರಟ್ಟಿನಿಂದ ಇನ್ನೊಂದು ಪ್ರತಿ ತೆಗೆದಳು. ಮಸುಕಾದ ಬೂದು ಬಣ್ಣ. ನನಗೆ ಅದು ಸುಮ್ನೆ ಎಸೆಯುವ ಕಾಗದದ ಹಾಗೆ ಕಂಡಿತು. ಅವಳು ಬಿಡಲಿಲ್ಲ. ಫ್ರಾನ್ಸಿನ ಚಿತ್ರಕಾರ ಡೆಗಾ 1870ರ ದಶಕದಲ್ಲೇ ಮಾನೊಟೈಪಿನ, ಅಂದರೆ ತಗಡಿನ ಮೇಲೆ ಶಾಯಿಯಲ್ಲೇ ಬರೆದು ಕಾಗದಕ್ಕೆ ಒತ್ತುವ ಅಚ್ಚಿನ, ಇಂಥ ಎರಡನೇ ಪ್ರತಿಗಳ ಮೇಲೆ ಪೇಸ್ಟೆಲ್ ಹಚ್ಚಿ ಚಿತ್ರ ಮಾಡುತ್ತಿದ್ದನಂತೆ. "ಪೂರ್ತಿ ಒಣಗಲಿ, ಆಮೇಲೆ ಮುಟ್ಟು" ಅಂದಳು.

ಒಂದು ವಾರ ಕಾದೆ. ಈ ಸಲ ನಾನೇ ಸುಟ್ಟ ಹಿಪ್ಪುನೇರಳೆ ಕಡ್ಡಿಯ ಇದ್ದಿಲು ತೆಗೆದುಕೊಂಡೆ. ಕಡ್ಡಿಗಳನ್ನು ತಗಡಿನ ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೊಂದು ಸಣ್ಣ ತೂತು ಮಾಡಿ ಬೆಂಕಿಗೆ ಇಡಬೇಕು. ಹೊಗೆ ನಿಂತರೆ ಆಯಿತು. ಆದರೆ ತಣ್ಣಗಾಗುವ ಮೊದಲು ತೆರೆದರೆ ಗಾಳಿ ತಾಗಿ ಬೂದಿಯಾಗುತ್ತದೆ. ಮೆತ್ತನೆಯ ಇದ್ದಿಲು ಅದು, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮಸುಕು ಅಚ್ಚಿನ ಮೇಲೆ ಚೆನ್ನಾಗಿ ಕೂತಿತು. ಒಲೆಯ ಬಾಯಿ ಬರೆದೆ. ಬಾಗಿದ ಒಂದು ಬೆನ್ನು ಬರೆದೆ. ಮೇಲೆ ಅಂಗೈಯಿಂದ ಹೊಗೆ ಒರೆಸಿದೆ. ಕೆಳಗೆ ರಚ್ಚು ತಾನಾಗಿಯೇ ಇತ್ತು, ಅಲ್ಲಿ ನಾನು ಕೈ ಹಾಕಲಿಲ್ಲ.

ಯುಗಾದಿಗೆ ಊರಿಗೆ ಒಯ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಜಗುಲಿಯ ಬೆಳಕಿಗೆ ಹಿಡಿದು ನೋಡಿದರು. "ಏನವ್ವಾ, ಬರ್ದಿದ್ದಾ ಇದು?"

"ಅರ್ಧ ಬರ್ದಿದ್ದು, ಅರ್ಧ ಅಚ್ಚು ಅಪ್ಪಾ."

ಅಚ್ಚು ಅಂದರೆ ಅವರಿಗೆ ಬೆಲ್ಲದ ಅಚ್ಚೇ. ಏನೂ ಕೇಳಲಿಲ್ಲ. ಕೆಳಗಿನ ನಾರಿನ ಗುರುತನ್ನು ಬೆರಳಿನಿಂದ ಮೆಲ್ಲಗೆ ಸವರಿದರು.

"ಈ ರಚ್ಚು ಸರಿಯಾಗಿ ಒಣಗಿಲ್ಲ ಕಣವ್ವಾ. ಒಲೆಗೆ ಹಾಕಿದ್ರೆ ಹೊಗೆ ಜಾಸ್ತಿ" ಅಂದರು.