ಜಡೆಗೆ ಬಿದ್ದ 81 ಅಂಕ

ನಾನು ಒಂದು ತಾಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಶಿಯನ್. ಟಿಬಿ ಹುಡುಕೋಕೆ ಎದೆಯ ಎಕ್ಸ್‌ರೇ ಓದುವ ಎಐ ಸಾಫ್ಟ್‌ವೇರ್ ಬಂದಾಗ ಕ್ಯಾಂಟೀನಿನವರೂ ಕೇಳಿದ್ದು ಒಂದೇ, 'ಇನ್ನು ನಿಮಗೇನು ಕೆಲಸ?' ನನಗಂತೂ ಖುಷಿಯೇ ಆಗಿತ್ತು. ನಮ್ಮಲ್ಲಿ ರೇಡಿಯಾಲಜಿಸ್ಟ್ ಇಲ್ಲ, ರಿಪೋರ್ಟಿಗೆ ಜಿಲ್ಲಾಸ್ಪತ್ರೆಯ ದಾರಿ ನೋಡಬೇಕಿತ್ತು. ಈಗ ಎರಡು ನಿಮಿಷದಲ್ಲಿ ಪರದೆ ಮೇಲೆ ನೂರಕ್ಕೆ ಇಷ್ಟು ಅಂತ ಅಂಕ, ಅನುಮಾನದ ಜಾಗಕ್ಕೆ ಬಣ್ಣ.

ಎರಡನೇ ವಾರವೇ ಮರ್ಯಾದೆ ಹೋಯಿತು. ಹೊಸದಾಗಿ ಮದುವೆಯಾದ ಹುಡುಗಿ, ಮೂರು ವಾರದ ಕೆಮ್ಮು, ಜೊತೆಗೆ ಅತ್ತೆ. ಅಂಕ 81. ಎಡ ಶ್ವಾಸಕೋಶದ ಮೇಲ್ತುದಿ ಕೆಂಪಗೆ ಕಾಣುತ್ತಿತ್ತು, ಟಿಬಿ ಕೂರೋದು ಜಾಸ್ತಿ ಅಲ್ಲೇ. ಯಾರೋ ಹೊರಗೆ ಬಾಯಿಬಿಟ್ಟರು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆ ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತಿದ್ದರು.

ಫಿಲ್ಮನ್ನು ಮತ್ತೆ ನೋಡಿದೆ. ಆ ನೆರಳು ಶ್ವಾಸಕೋಶದ ಗಡಿ ದಾಟಿ ಕುತ್ತಿಗೆವರೆಗೂ ಹೋಗಿತ್ತು. ಒಳಗಿನ ಕಲೆ ಹಾಗೆ ಹೊರಗೆ ಹೋಗಲ್ಲ ಅಲ್ವಾ? ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಎಡ ಭುಜದ ಮೇಲೆ ಬಿದ್ದಿತ್ತು. ಸರ ತೆಗೆಸಿದ್ದೆ, ಗೌನ್ ಹಾಕಿಸಿದ್ದೆ, ಕೂದಲು ಮೇಲೆ ಕಟ್ಟಿಸೋದು ಮರೆತಿದ್ದೆ. ಕಟ್ಟಿಸಿ ಮತ್ತೆ ತೆಗೆದರೆ ಅಂಕ 9. ತಪ್ಪು ನನ್ನದೇ. ಎರಡು ವಾರ ದಾಟಿದ ಕೆಮ್ಮಾದ್ದರಿಂದ ಕಫವನ್ನೂ ಪರೀಕ್ಷೆಗೆ ಕಳಿಸಿದೆವು, ಏನೂ ಸಿಗಲಿಲ್ಲ. ಅತ್ತೆಗೆ ಅದನ್ನು ಮೂರು ಸಲ ಹೇಳಬೇಕಾಯಿತು. ಅಂದಿನಿಂದ ನನ್ನ ಡ್ರಾಯರಿನಲ್ಲಿ ಒಂದು ಡಬ್ಬಿ ರಬ್ಬರ್ ಬ್ಯಾಂಡ್ ಇದೆ.

ಹಿಂದೆ ಟಿಬಿ ಬಂದು ವಾಸಿಯಾದವರು, ಕಲ್ಲು ಕ್ವಾರಿಯಲ್ಲಿ ದೂಳು ಕುಡಿದವರು, ಇವರ ಎದೆಯಲ್ಲಿ ಹಳೇ ಕಲೆ ಇದ್ದೇ ಇರುತ್ತದೆ. ಯಂತ್ರಕ್ಕೆ ಅವರ ಕಥೆ ಗೊತ್ತಿಲ್ಲ, ಅಂಕ ಏರಿಸುತ್ತದೆ. 'ಮುಂಚೆ ಆರು ತಿಂಗಳು ಮಾತ್ರೆ ನುಂಗಿದ್ರಾ?' ಅಂತ ಕೇಳಿ ಚೀಟಿಯಲ್ಲಿ ಬರೆಯೋದು ಈಗ ನನ್ನ ಕೆಲಸ.

ಆದರೆ ನನಗೆ ಇವತ್ತಿಗೂ ಚುಚ್ಚೋದು ಇನ್ನೊಬ್ಬರ ವಿಷಯ. ಸಂತೆ ದಿನ, ಹೊರಗೆ ಸಾಲು, ಐವತ್ತು ದಾಟಿದ ಒಬ್ಬ ಯಜಮಾನರ ಎಕ್ಸ್‌ರೇ ತೆಗೆದೆ. ಅಂಕ 90ರ ಮೇಲೆ, ಈ ಸಲ ಯಾವ ಜಡೆಯೂ ಇಲ್ಲ. ಅದು ಹೋಗಿ ಕೂತಿದ್ದು ಡಾಕ್ಟರ ಕೋಣೆಯ ಕಂಪ್ಯೂಟರಿನಲ್ಲಿ, ಡಾಕ್ಟರ್ ಅಂದು ಕ್ಯಾಂಪಿಗೆ ಹೋಗಿದ್ದರು, ನಾನು ನೋಡುತ್ತಾರೆ ಬಿಡು ಅಂದುಕೊಂಡೆ, ಯಜಮಾನರು ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದರು. ಕೊಟ್ಟಿದ್ದ ಫೋನ್ ನಂಬರ್ ಬೇರೆ ಊರಿಗೆ ಹೋಗಿದ್ದ ಮಗನದು. ಕೊನೆಗೆ ಆಶಾ ಕಾರ್ಯಕರ್ತೆ ತೋಟದಲ್ಲಿ ಹುಡುಕಿ ಕರೆತಂದರು. ಯಂತ್ರ ಎರಡು ನಿಮಿಷದಲ್ಲಿ ಹೇಳಿದ್ದನ್ನು ಅವರಿಗೆ ಮುಟ್ಟಿಸಲು ನಮಗೆ ಒಂಬತ್ತು ದಿನ ಹಿಡಿಯಿತು. ಮನೆಯಲ್ಲಿ ಚಿಕ್ಕ ಮೊಮ್ಮಗಳಿದ್ದಳು.

ಸಾಫ್ಟ್‌ವೇರ್ ತರುವಾಗ ಟ್ರೇನಿಂಗಿನಲ್ಲಿ ಎಲ್ಲ ಬಟನ್ ತೋರಿಸಿದರು. ಅಂಕ ಬಂದ ಮೇಲೆ ಯಾರು ಎದ್ದು ಹೋಗಿ ರೋಗಿಯನ್ನು ನಿಲ್ಲಿಸಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಅಂಕ ನನ್ನ ಪರದೆಗೂ ಬರುತ್ತದೆ. ಅದು ಬರುವವರೆಗೆ ಯಾರನ್ನೂ ಬೆಂಚಿನಿಂದ ಏಳಿಸಲ್ಲ. ಜಾಸ್ತಿ ಬಂದರೆ ಅಲ್ಲೇ ಕಫದ ಡಬ್ಬಿ ಕೈಗೆ, ಎರಡು ಫೋನ್ ನಂಬರ್, ಊರಿನ ಆಶಾ ಹೆಸರು. 'ಟಿಬಿ' ಅನ್ನೋ ಮಾತು ಎತ್ತಲ್ಲ, 'ಕಫ ನೋಡಬೇಕು' ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಂಥ ಸಾಫ್ಟ್‌ವೇರಿಗೆ ಒಪ್ಪಿಗೆ ಕೊಟ್ಟಿದ್ದೂ ಅನುಮಾನ ಇರುವವರನ್ನು ಆರಿಸೋಕೆ, ಅದೂ 15 ವರ್ಷ ತುಂಬಿದವರಲ್ಲಿ. ಟಿಬಿ ಹೌದೋ ಅಲ್ಲವೋ ಅಂತ ಕಫವೇ ಹೇಳಬೇಕು.

ಎಷ್ಟು ಅಂಕ ದಾಟಿದರೆ ಕಫ ಕೇಳಬೇಕು ಅನ್ನೋದನ್ನು ಆಯಾ ಜಾಗದವರೇ ನೋಡಿ ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ. ಏರಿಸಿದರೆ ಕೆಲವರು ಕೈತಪ್ಪುತ್ತಾರೆ ಅಂತ ಡಾಕ್ಟರ್. ಇಳಿಸಿದರೆ ಕಫದಲ್ಲಿ ಟಿಬಿ ಹುಡುಕೋ ಟ್ರೂನ್ಯಾಟ್ ಪರೀಕ್ಷೆಯ ಚಿಪ್ ತಿಂಗಳ ಮಧ್ಯಕ್ಕೇ ಖಾಲಿ. ಕಳೆದ ಸೋಮವಾರ ಲ್ಯಾಬಿನ ಅಕ್ಕ ಉಳಿದ ಚಿಪ್ಪಿನ ಡಬ್ಬ ತಂದು ನನ್ನ ಟೇಬಲ್ ಮೇಲಿಟ್ಟು, 'ತಗೋ, ನೀನೇ ಹಂಚು' ಅಂದರು.